ಹೆಬ್ಬೆರಳು ಬಾಗದಿದ್ದರೆ ಭಾರ ಎಲ್ಲಿಗೆ ಹೋಗುತ್ತದೆ?

ಕಾಲಿನ ಆಣಿ ತೆಗೆಸಿಕೊಂಡವರ ದೂರು ಬಹುಪಾಲು ಒಂದೇ: ‘ತೆಗೆಸಿದ ಮೇಲೆ ಸ್ವಲ್ಪ ದಿನ ಆರಾಮಾಗಿತ್ತು, ಮತ್ತೆ ಅಲ್ಲೇ ಬಂತು.’ ಅಲ್ಲೇ ಎಂದರೆ ಎಲ್ಲಿ ಎಂದು ಕೇಳಿ ನೋಡಿ. ಕೆಲವರು ಹೆಬ್ಬೆರಳಿನ ಒಳಮಗ್ಗುಲನ್ನು ತೋರಿಸುತ್ತಾರೆ, ಉಗುರಿಗೂ ಬೆರಳಿನ ಬುಡಕ್ಕೂ ನಡುವೆ, ನೆಲಕ್ಕೆ ತಾಗುವ ಕಡೆ. ಕೆಲವರಿಗೆ ಎರಡನೆಯ ಬೆರಳಿನ ಬುಡದ ಕೆಳಗೆ ಬಿಲ್ಲೆಯಂಥ ಜಡ್ಡು. ಇನ್ನು ಕೆಲವರಿಗೆ ಕಿರುಬೆರಳಿನ ಬುಡದಲ್ಲಿ. ಬ್ಲೇಡಿನಿಂದ ಹೆರೆಯುತ್ತಾರೆ, ಔಷಧಿ ಅಂಗಡಿಯಿಂದ ಕಾರ್ನ್ ಕ್ಯಾಪ್ ತಂದು ಅಂಟಿಸುತ್ತಾರೆ, ಬಿಸಿನೀರಿನಲ್ಲಿ ನೆನೆಸಿ ಕಲ್ಲಿಗೆ ಉಜ್ಜುತ್ತಾರೆ. ಜಡ್ಡು ಹೋಗುತ್ತದೆ, ಬರುತ್ತದೆ. ಚರ್ಮ ದಪ್ಪವಾಗುವುದು ಅದರ ಮೇಲೆ ಬೀಳುವ ಒತ್ತಡಕ್ಕೆ ಕೊಡುವ ಉತ್ತರ. ಒತ್ತಡ ಹಾಗೇ ಇರುವಾಗ ಉತ್ತರವೂ ಹಾಗೇ ಇರುತ್ತದೆ. ಆ ಒತ್ತಡಕ್ಕೆ ಕಾರಣ ಹಲವರಲ್ಲಿ ಜಡ್ಡು ಇರುವ ಜಾಗದಲ್ಲಿಲ್ಲ, ಹೆಬ್ಬೆರಳಿನ ಬುಡದ ಕೀಲಿನಲ್ಲಿದೆ. ಆ ಕೀಲು ಮೇಲಕ್ಕೆ ಬಾಗುವುದನ್ನು ಬಿಟ್ಟಿದೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರು ಎನ್ನುತ್ತೇವಲ್ಲ, ಆಣಿಯ ಚಿಕಿತ್ಸೆ ಎಷ್ಟೋ ಸಲ ಹಾಗೆಯೇ.

ಹೆಬ್ಬೆರಳು ಬಾಗುವುದು ಎಂದಾಗ ಕುರ್ಚಿಯಲ್ಲಿ ಕೂತು ಬೆರಳನ್ನು ಮೇಲೆ ಕೆಳಗೆ ಆಡಿಸುವುದು ನೆನಪಾಗುತ್ತದೆ. ನಡಿಗೆಯಲ್ಲಿ ನಡೆಯುವುದು ಬೇರೆ. ಹೆಜ್ಜೆ ಇಟ್ಟಾಗ ಮೊದಲು ಹಿಮ್ಮಡಿ ಊರುತ್ತದೆ, ಆಮೇಲೆ ಅಂಗಾಲು ಪೂರ್ತಿ ನೆಲಕ್ಕೆ ಕೂರುತ್ತದೆ, ದೇಹ ಪಾದದ ಮೇಲಿಂದ ಮುಂದಕ್ಕೆ ದಾಟುತ್ತದೆ, ಹಿಮ್ಮಡಿ ಮೇಲೇಳುತ್ತದೆ. ಈ ಗಳಿಗೆಯಲ್ಲಿ ಹೆಬ್ಬೆರಳು ಅಲ್ಲಾಡದೆ ನೆಲಕ್ಕೆ ಅಂಟಿಕೊಂಡಿರುತ್ತದೆ, ಉಳಿದ ಪಾದವೇ ಅದರ ಮೇಲೆ ಎದ್ದು ನಿಲ್ಲುತ್ತದೆ. ಕೊನೆಗೆ ನೆಲ ಬಿಡುವುದು ಹೆಬ್ಬೆರಳು. ಅಂದರೆ ಇಡೀ ದೇಹ ಆ ಒಂದು ಸಣ್ಣ ಕೀಲಿನ ಮೇಲೆ ಮುಂದಕ್ಕೆ ಹೊರಳುತ್ತದೆ. ಅದೂ ಮೈಭಾರಕ್ಕಿಂತ ತುಸು ಹೆಚ್ಚೇ ಆದ ಬಲದೊಂದಿಗೆ, ಏಕೆಂದರೆ ನೆಲವನ್ನು ಹಿಂದಕ್ಕೆ ಒದ್ದೇ ನಾವು ಮುಂದೆ ಹೋಗಬೇಕು.

ಇದಕ್ಕೆ ಕೀಲು ಎಷ್ಟು ಬಾಗಬೇಕು? 65 ಡಿಗ್ರಿ ಬೇಕು ಎಂದು ಪಠ್ಯಪುಸ್ತಕಗಳು ಬಹಳ ಕಾಲ ಹೇಳಿಕೊಂಡು ಬಂದವು. 1999ರಲ್ಲಿ ಅಮೆರಿಕದ ಸಂಶೋಧಕರು ಆರೋಗ್ಯವಂತರ ಕಾಲಿಗೆ ಸಂವೇದಕಗಳನ್ನು ಕಟ್ಟಿ ನಡೆಸಿ ಅಳೆದಾಗ ಸರಾಸರಿ 42 ಡಿಗ್ರಿಯ ಆಸುಪಾಸು ಬಂತು. ಸಮತಟ್ಟು ರಸ್ತೆಯ ಸಾಧಾರಣ ನಡಿಗೆಗೆ ಅಷ್ಟು ಸಾಕು. ಏರು ಹತ್ತುವಾಗ, ಓಡುವಾಗ, ತುದಿಗಾಲಲ್ಲಿ ನಿಂತು ಅಟ್ಟದ ಡಬ್ಬಿ ಇಳಿಸುವಾಗ ಹೆಚ್ಚು ಬೇಕು. ಹಿಮ್ಮಡಿ ಎತ್ತಿ ಕುಕ್ಕರುಗಾಲಲ್ಲಿ ಕೂತು ರಂಗೋಲಿ ಹಾಕುವಾಗ, ನೆಲದಿಂದ ಬೆರಳೂರಿ ಏಳುವಾಗ ಇನ್ನೂ ಹೆಚ್ಚು. ಕೀಲು ಬಿಗಿಯುತ್ತಿದೆ ಎಂಬ ಸುದ್ದಿ ಮೊದಲು ಗೊತ್ತಾಗುವುದು ಇಂಥ ಕೆಲಸಗಳಲ್ಲಿ. ನಡಿಗೆಯಲ್ಲಿ ಗೊತ್ತಾಗುವ ಹೊತ್ತಿಗೆ ಸಾಕಷ್ಟು ಕಳೆದುಹೋಗಿರುತ್ತದೆ.

ಬಾಗುವುದರಿಂದ ಆಗುವ ಇನ್ನೊಂದು ಲಾಭ ಕಣ್ಣಿಗೆ ಕಾಣುವಂಥದ್ದಲ್ಲ. ಹಿಮ್ಮಡಿಯ ಮೂಳೆಯಿಂದ ಹೊರಟು ಅಂಗಾಲಿನ ಉದ್ದಕ್ಕೂ ಸಾಗಿ ಬೆರಳುಗಳ ಬುಡಕ್ಕೆ ಕಚ್ಚಿಕೊಂಡಿರುವ ಗಟ್ಟಿ ನಾರಿನ ಪಟ್ಟಿಯೊಂದಿದೆ, ಪ್ಲಾಂಟರ್ ಫೇಶಿಯಾ. ಬೆಳಗ್ಗೆ ಎದ್ದು ಮೊದಲ ಹೆಜ್ಜೆ ಇಟ್ಟಾಗ ಹಿಮ್ಮಡಿ ಚುಚ್ಚುವ ನೋವಿನಿಂದ ಈ ಹೆಸರು ಹಲವರಿಗೆ ಪರಿಚಯ. ಬರ್ಮಿಂಗ್‌ಹ್ಯಾಮಿನ ವೈದ್ಯ ಜೆ.ಎಚ್. ಹಿಕ್ಸ್ 1954ರಲ್ಲಿ ಇದರ ಕೆಲಸವನ್ನು ವಿವರಿಸಿದರು. ಹೆಬ್ಬೆರಳು ಮೇಲಕ್ಕೆ ಬಾಗಿದಾಗ ಈ ಪಟ್ಟಿ ಬೆರಳಿನ ಬುಡದ ಉಬ್ಬಿಗೆ ಸುತ್ತಿಕೊಳ್ಳುತ್ತದೆ, ಬಾವಿಯ ರಾಟೆಗೆ ಹಗ್ಗ ಸುತ್ತಿಕೊಂಡ ಹಾಗೆ. ಹಗ್ಗ ಸುತ್ತಿಕೊಂಡಷ್ಟೂ ಹಿಮ್ಮಡಿ ಮತ್ತು ಮುಂಗಾಲು ಹತ್ತಿರ ಬರುತ್ತವೆ, ಪಾದದ ಕಮಾನು ಮೇಲೇರುತ್ತದೆ, ಅಲ್ಲಿಯವರೆಗೆ ಸಡಿಲವಾಗಿದ್ದ ಪಾದದ ಮೂಳೆಗಳು ಒಂದಕ್ಕೊಂದು ಬಿಗಿದುಕೊಳ್ಳುತ್ತವೆ. ಸ್ನಾಯುವಿನ ಹಂಗಿಲ್ಲದೆ ಇದಾಗುತ್ತದೆ ಎಂಬುದೇ ಇದರ ಸೊಗಸು. ಪಾದ ನೆಲಕ್ಕೆ ಇಳಿಯುವಾಗ ಮೆತ್ತಗಿರಬೇಕು, ಹಳ್ಳದಿಣ್ಣೆಗೆ ಹೊಂದಿಕೊಳ್ಳಬೇಕು. ನೆಲ ಬಿಡುವಾಗ ಗಟ್ಟಿಯಾಗಬೇಕು, ಇಲ್ಲದಿದ್ದರೆ ಒದೆತ ನೆಲ ಮುಟ್ಟುವುದಿಲ್ಲ. ಮೆತ್ತನೆಯ ಪಾದವನ್ನು ಗಟ್ಟಿ ಮಾಡುವ ಕೆಲಸ ಹೆಬ್ಬೆರಳಿನದು.

ಮನೆಯಲ್ಲೇ ನೋಡಬಹುದು. ಬರಿಗಾಲಲ್ಲಿ ಎರಡೂ ಕಾಲಿನ ಮೇಲೆ ಸಮನಾಗಿ ಭಾರ ಹಾಕಿ ನಿಲ್ಲಿ. ಇನ್ನೊಬ್ಬರು ಕೆಳಗೆ ಕೂತು ನಿಮ್ಮ ಹೆಬ್ಬೆರಳನ್ನು ಮಾತ್ರ ಹಿಡಿದು ನಿಧಾನವಾಗಿ ಮೇಲೆತ್ತಲಿ. ನೀವು ಏನೂ ಮಾಡಬೇಡಿ. ಸರಿಯಿರುವ ಪಾದದಲ್ಲಿ ಕಮಾನು ತಾನಾಗಿ ಮೇಲೇಳುವುದು ಕಾಣುತ್ತದೆ, ಮೊಣಕಾಲ ಕೆಳಗಿನ ಮೂಳೆ ತುಸು ಹೊರಕ್ಕೆ ತಿರುಗುವುದೂ ತಿಳಿಯುತ್ತದೆ. ಬೆರಳು ಮೊಳೆ ಹೊಡೆದಂತೆ ನೆಲಕ್ಕೆ ಕೂತಿದ್ದರೆ ಯೋಚಿಸಬೇಕು. ಇಲ್ಲೊಂದು ಸೂಕ್ಷ್ಮವಿದೆ. ಮಂಚದ ಮೇಲೆ ಕಾಲು ಚಾಚಿದಾಗ ಸಲೀಸಾಗಿ ಬಾಗುವ ಬೆರಳು ನಿಂತಾಗ ಬಾಗದೆ ಇರಬಹುದು. ಕೀಲು ಕೆಟ್ಟಿಲ್ಲ, ಆದರೆ ಭಾರ ಬಿದ್ದೊಡನೆ ಬೀಗ ಬೀಳುತ್ತದೆ. ಹೊವರ್ಡ್ ಡ್ಯಾನನ್‌ಬರ್ಗ್ ಎಂಬ ಅಮೆರಿಕದ ಪಾದವೈದ್ಯ 1980ರ ದಶಕದಿಂದ ಈ ಬಗೆಯ ಬಿಗಿತದ ಬಗ್ಗೆ ಬರೆದರು. ರೋಗಿಯನ್ನು ಮಲಗಿಸಿ ಬೆರಳು ಆಡಿಸಿ ‘ಚೆನ್ನಾಗಿದೆ’ ಎಂದು ಕಳಿಸಿಬಿಡುವ ಪರೀಕ್ಷೆ ಇದನ್ನು ಹಿಡಿಯುವುದಿಲ್ಲ.

ಇನ್ನು ಭಾರದ ಮಾತು. ಒತ್ತಡ ಎಂದರೆ ಭಾರವನ್ನು ಅದು ಕೂರುವ ಜಾಗದಿಂದ ಭಾಗಿಸಿದ್ದು. ಅರವತ್ತು ಕಿಲೋ ತೂಕದ ಒಬ್ಬರನ್ನು ತೆಗೆದುಕೊಳ್ಳಿ. ಹಿಮ್ಮಡಿ ಎದ್ದ ಮೇಲೆ ಮುಂಗಾಲೂ ಬೆರಳುಗಳೂ ಸೇರಿ ಸುಮಾರು 40 ಚದರ ಸೆಂಟಿಮೀಟರ್ ನೆಲಕ್ಕೆ ತಾಗುತ್ತಿದ್ದರೆ ಒಂದೊಂದು ಚದರ ಸೆಂಟಿಮೀಟರಿನ ಪಾಲಿಗೆ ಒಂದೂವರೆ ಕಿಲೋ ಬರುತ್ತದೆ. ಇದು ಅಂದಾಜಿನ ಲೆಕ್ಕ, ತಾಗುವ ಜಾಗವೆಲ್ಲ ಸಮಪಾಲು ಹೊತ್ತರೆ ಎಂಬ ಷರತ್ತಿನ ಮೇಲೆ ನಿಂತದ್ದು. ಅದೇ ಭಾರದಲ್ಲಿ ಇಪ್ಪತ್ತು ಕಿಲೋ ಹೆಬ್ಬೆರಳಿನ ನಾಲ್ಕು ಚದರ ಸೆಂಟಿಮೀಟರಿನ ಮೇಲೆ ಕೂತರೆ ಪಾಲು ಐದು ಕಿಲೋಗೆ ಏರಿತು. ಮನುಷ್ಯನ ತೂಕ ಒಂದು ಗ್ರಾಮೂ ಹೆಚ್ಚಲಿಲ್ಲ. ಹಂಚಿಕೆ ಬದಲಾಯಿತು, ಅಷ್ಟೆ.

ಹೆಬ್ಬೆರಳಿನ ಕೀಲು ಬಾಗಲೊಲ್ಲದಾಗ ಹಂಚಿಕೆ ಬದಲಾಗುವ ಬಗೆ ಒಂದೇ ಅಲ್ಲ. ನಡೆಯುವವನು ನಿಲ್ಲುವುದಿಲ್ಲ, ಬಸ್ಸು ಹಿಡಿಯಬೇಕು, ಹೊಲಕ್ಕೆ ಹೋಗಬೇಕು. ದೇಹ ಹೇಗೋ ದಾರಿ ಮಾಡಿಕೊಳ್ಳುತ್ತದೆ. ಕೆಲವರಲ್ಲಿ ಬುಡದ ಕೀಲು ಬಾಗದ ತಪ್ಪಿಗೆ ಬೆರಳಿನ ನಡುವಿನ ಕೀಲು ದಂಡ ಕಟ್ಟುತ್ತದೆ. ಅದು ಮಿತಿಮೀರಿ ಹಿಂದಕ್ಕೆ ಬಾಗುತ್ತದೆ, ಬೆರಳಿನ ತುದಿ ಮೇಲೇಳುತ್ತದೆ, ನಡುಭಾಗ ನೆಲಕ್ಕೆ ಒತ್ತುತ್ತದೆ. ಮೊದಲು ಹೇಳಿದೆನಲ್ಲ, ಉಗುರಿಗೂ ಬುಡಕ್ಕೂ ನಡುವಿನ ಆ ಒಳಮಗ್ಗುಲಿನ ಜಡ್ಡು, ಅದು ಹುಟ್ಟುವುದು ಹೀಗೆ. ಇನ್ನು ಕೆಲವರು ಹೆಬ್ಬೆರಳನ್ನು ತಪ್ಪಿಸಿಯೇ ನಡೆಯಲು ಕಲಿಯುತ್ತಾರೆ. ಪಾದವನ್ನು ಹೊರಮಗ್ಗುಲಿಗೆ ಹೊರಳಿಸಿ ಉಳಿದ ಬೆರಳುಗಳ ಬುಡದ ಮೇಲಿಂದ ದಾಟುತ್ತಾರೆ. ಭಾರ ಹೊರಲೆಂದೇ ದಪ್ಪವಾಗಿ ಬೆಳೆದ, ಅಡಿಯಲ್ಲಿ ಎರಡು ಪುಟ್ಟ ಗುಂಡುಮೂಳೆಗಳ ಆಸರೆ ಇರುವ ಹೆಬ್ಬೆರಳಿನ ಬುಡ ಆಗ ಹಗುರವಾಗಿ ಕೂತಿರುತ್ತದೆ; ಪಕ್ಕದ ತೆಳು ಮೂಳೆಗಳು ಒದ್ದಾಡುತ್ತವೆ. ಮತ್ತೆ ಕೆಲವರು ಹಿಮ್ಮಡಿ ಏಳುವುದನ್ನೇ ತಡಮಾಡಿ, ಪಾದವನ್ನು ಹೊರಕ್ಕೆ ತಿರುಚಿ, ಹೆಜ್ಜೆಯನ್ನೇ ಚಿಕ್ಕದು ಮಾಡಿಕೊಳ್ಳುತ್ತಾರೆ. ಮೊಣಕಾಲು, ಸೊಂಟದವರೆಗೆ ಅದರ ಪರಿಣಾಮ ಹೋಗುತ್ತದೆ ಎಂದು ವಾದಿಸುವವರಿದ್ದಾರೆ. ಪಾದದ ಮಟ್ಟಿಗೆ ಪುರಾವೆ ಗಟ್ಟಿಯಾಗಿದೆ, ಮೇಲಕ್ಕೆ ಹೋದಂತೆ ತೆಳುವಾಗುತ್ತದೆ. ಬೆನ್ನುನೋವಿಗೆಲ್ಲ ಹೆಬ್ಬೆರಳೇ ಕಾರಣ ಎಂದು ಹೇಳುವ ಯೂಟ್ಯೂಬ್ ಪಂಡಿತರನ್ನು ನಂಬುವ ಮೊದಲು ಇದು ನೆನಪಿರಲಿ.

ಮೆಲ್ಬರ್ನಿನ ಲಾ ಟ್ರೋಬ್ ವಿಶ್ವವಿದ್ಯಾಲಯದ ಸಂಶೋಧಕರು ಹೆಬ್ಬೆರಳಿನ ಬುಡದ ಕೀಲು ಸವೆದ ಹಿರಿಯರನ್ನೂ ಅದೇ ವಯಸ್ಸಿನ ಇತರರನ್ನೂ ಒತ್ತಡ ಅಳೆಯುವ ಹಲಗೆಯ ಮೇಲೆ ಬರಿಗಾಲಲ್ಲಿ ನಡೆಸಿ, 2008ರಲ್ಲಿ ಫಲಿತಾಂಶ ಪ್ರಕಟಿಸಿದರು. ಕೀಲು ಸವೆದವರಲ್ಲಿ ಹೆಬ್ಬೆರಳಿನ ಕೆಳಗಿನ ಒತ್ತಡ ಹೆಚ್ಚಿತ್ತು, ಉಳಿದ ಬೆರಳುಗಳ ಕೆಳಗೂ ಹೆಚ್ಚಿತ್ತು. ನೋವಿರುವ ಬೆರಳನ್ನು ಮನುಷ್ಯ ಊರದೆ ಕಾಪಾಡುತ್ತಾನೆ ಎಂದುಕೊಳ್ಳುತ್ತೇವೆ. ಅಳತೆ ಹೇಳುವುದು ಉಲ್ಟಾ: ಬಾಗದ ಬೆರಳು ದಾರಿಗೆ ಅಡ್ಡವಾಗಿ ನಿಲ್ಲುತ್ತದೆ, ಅದನ್ನು ದಾಟಲು ಹೋದ ದೇಹ ಅದನ್ನೇ ನೆಲಕ್ಕೆ ಒತ್ತುತ್ತದೆ. 1999ರ ಇನ್ನೊಂದು ಅಧ್ಯಯನದಲ್ಲಿ ಬೆರಳಿನ ಜೊತೆಗೆ ಮುಂಗಾಲಿನ ಹೊರಭಾಗದ ಒತ್ತಡವೂ ಏರಿದ್ದು ಕಂಡಿತ್ತು.

ಈ ಬಿಗಿತ ಹೊಸ ಕಾಲದ ಬಾಧೆಯಲ್ಲ. ಸಿರಿಯಾದ ಅಬು ಹುರೇರಾ ಎಂಬಲ್ಲಿ ನವಶಿಲಾಯುಗದ ಹಳ್ಳಿಯೊಂದನ್ನು ಅಗೆದಾಗ ಸಿಕ್ಕ ಅಸ್ಥಿಗಳನ್ನು ಲಂಡನ್ನಿನ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಮ್ಮಿನ ಥೇಯಾ ಮಾಲೆಸನ್ ಪರೀಕ್ಷಿಸಿದರು. ಹೆಬ್ಬೆರಳಿನ ಬುಡದ ಕೀಲು ಸವೆದು ವಿಕಾರವಾಗಿತ್ತು, ಅದೂ ಹೆಚ್ಚಾಗಿ ಹೆಂಗಸರಲ್ಲಿ. ಮಂಡಿಯೂರಿ, ಕಾಲ್ಬೆರಳುಗಳನ್ನು ಅಡಿಯಲ್ಲಿ ಮಡಚಿ, ತಗ್ಗುಗಲ್ಲಿನ ಮೇಲೆ ಇನ್ನೊಂದು ಕಲ್ಲನ್ನು ಹಿಂದೆ ಮುಂದೆ ತಳ್ಳುತ್ತ ದಿನವೂ ಗಂಟೆಗಟ್ಟಲೆ ಕಾಳು ಅರೆದ ಗುರುತು ಅದು ಎಂದು ಅವರು ತೀರ್ಮಾನಿಸಿದರು. ನಮ್ಮ ಅಜ್ಜಿಯರು ರಾಗಿ ಬೀಸಿದ್ದು ಸುತ್ತುವ ಬೀಸುಕಲ್ಲಿನಲ್ಲಿ, ಒಂದು ಕಾಲು ಚಾಚಿ ಕೂತು. ಅವರ ಭುಜ ಸವೆದಿರಬಹುದು, ಹೆಬ್ಬೆರಳು ಬಚಾವು.

ವೈದ್ಯಗ್ರಂಥಗಳಿಗೆ ಈ ತೊಂದರೆ ಸೇರಿದ್ದು 1887ರಲ್ಲಿ, ಲಂಡನ್ನಿನ ಶಸ್ತ್ರವೈದ್ಯ ಡೇವಿಸ್-ಕಾಲಿ ಬರೆದ ಮೇಲೆ. ಈಗ ಕಾಣುವ ಕಾರಣಗಳು ಹಲವು. ಮೃದ್ವಸ್ಥಿ ಸವೆದು ಕೀಲಿನ ಮೇಲ್ಭಾಗದಲ್ಲಿ ಮೂಳೆ ಮೊಳೆತು, ಬಾಗಲು ಹೋದಾಗ ಮೂಳೆಗೆ ಮೂಳೆ ಅಡ್ಡ ಬರುವುದು ಎಲ್ಲಕ್ಕಿಂತ ಸಾಮಾನ್ಯ. ಯಾವಾಗಲೋ ಎಡವಿದ್ದು, ರುಬ್ಬುಗುಂಡು ಬಿದ್ದದ್ದು, ಫುಟ್‌ಬಾಲ್ ಆಡುವಾಗ ಬೆರಳು ಹಿಂದಕ್ಕೆ ಮಡಚಿದ್ದು ವರ್ಷಗಳ ನಂತರ ಹೀಗೆ ಬಡ್ಡಿ ಕೇಳುತ್ತದೆ. ಯೂರಿಕ್ ಆಸಿಡ್ ಹರಳುಗಟ್ಟುವ ಗೌಟ್ ಎಂಬ ಕಾಯಿಲೆಗೆ ಮೊದಲ ಆಯ್ಕೆಯೇ ಈ ಕೀಲು. ಪಾದದ ಮೊದಲ ಮೂಳೆ ಹುಟ್ಟಿನಿಂದ ಉದ್ದವಿದ್ದವರಿಗೂ ಬರಬಹುದು. ಇವೆಲ್ಲ ನೋಯುವ ಕಾರಣಗಳು. ನೋವು ಕೆಟ್ಟದ್ದೇ, ಆದರೆ ಅದು ಮನುಷ್ಯನನ್ನು ಡಾಕ್ಟರ ಬಳಿಗೆ ಎಳೆದು ತರುತ್ತದೆ. ನೋಯದೆ ಬಿಗಿಯುವ ಕಾರಣವೊಂದಿದೆ, ನಮ್ಮ ದೇಶಕ್ಕೆ ಚಿಂತೆ ಅದರದ್ದು: ಸಕ್ಕರೆ ಕಾಯಿಲೆ.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನ ದೇಶವ್ಯಾಪಿ ಸಮೀಕ್ಷೆ 2023ರಲ್ಲಿ ಕೊಟ್ಟ ಅಂಕಿಯಂತೆ ದೇಶದಲ್ಲಿ 10.1 ಕೋಟಿ ಮಂದಿಗೆ ಮಧುಮೇಹವಿದೆ. ರಕ್ತದಲ್ಲಿ ಸಕ್ಕರೆ ವರ್ಷಗಟ್ಟಲೆ ಹೆಚ್ಚಿದ್ದರೆ ಅದು ಕೊಲ್ಯಾಜೆನ್ ಎಂಬ ನಾರಿನ ಎಳೆಗಳಿಗೆ ಅಂಟಿ ಒಂದನ್ನೊಂದು ಬೆಸೆಯುತ್ತದೆ. ಚರ್ಮ, ಕೀಲಿನ ಹೊದಿಕೆ, ಅಂಗಾಲಿನ ಪಟ್ಟಿ ಎಲ್ಲವೂ ಅದೇ ನಾರಿನಿಂದ ಆದವು, ಎಲ್ಲವೂ ಬಿಗಿಯುತ್ತವೆ. ಇದನ್ನು ಕಂಡುಹಿಡಿಯಲು ವೈದ್ಯರು ಮಾಡಿಸುವ ಪರೀಕ್ಷೆ ಬಹಳ ಸರಳ. ಎರಡೂ ಕೈ ಜೋಡಿಸಿ ನಮಸ್ಕಾರ ಮಾಡಿ ಎನ್ನುತ್ತಾರೆ. ಅಂಗೈಗೆ ಅಂಗೈ, ಬೆರಳಿಗೆ ಬೆರಳು ಪೂರ್ತಿ ಕೂಡಬೇಕು. ಬೆರಳುಗಳ ನಡುವೆ ಕಿಂಡಿ ಉಳಿದರೆ ಕೈಯ ಕೀಲುಗಳು ಬಿಗಿದಿವೆ. ಕೈ ಬಿಗಿದವರ ಕಾಲೂ ಬಿಗಿದಿರುವ ಸಾಧ್ಯತೆ ಹೆಚ್ಚು. ಅದೇ ಹೊತ್ತಿಗೆ ಸಕ್ಕರೆ ನರಗಳನ್ನೂ ತಿನ್ನುತ್ತಿರುತ್ತದೆ. ಪಾದ ಜೋಮು ಹಿಡಿಯುತ್ತದೆ, ಉರಿಯುತ್ತದೆ, ಆಮೇಲೆ ಉರಿಯೂ ನಿಲ್ಲುತ್ತದೆ. ‘ಈಗ ಪರವಾಗಿಲ್ಲ, ಉರಿ ಕಡಿಮೆಯಾಗಿದೆ’ ಎಂದು ಸಮಾಧಾನ ಪಡುವವರಲ್ಲಿ ಕೆಲವರಿಗೆ ಕಡಿಮೆಯಾದದ್ದು ಉರಿಯಲ್ಲ, ಅರಿವು.

ಪಾದದ ತಪಾಸಣೆ ನಡೆಯುವ ಕಡೆ ಕೂತರೆ ಈ ಮಾತು ಮತ್ತೆ ಮತ್ತೆ ಕೇಳುತ್ತದೆ. ಬಯಲುಸೀಮೆಯ ಕಡೆಯಿಂದ ಬಂದ ಅಜ್ಜಿಯೊಬ್ಬರ ಹೆಬ್ಬೆರಳಿನ ಅಡಿಯಲ್ಲಿ ಹಳದಿ ಜಡ್ಡು, ನಡುವೆ ಕಪ್ಪು ಚುಕ್ಕೆ.

‘ಎಷ್ಟು ದಿನದಿಂದ ನೋವು ಅಜ್ಜಿ?’

‘ನೋವೇ ಇಲ್ಲ ಕಣಪ್ಪ. ಮಗಳು ಕಾಲು ತೊಳೀತಿದ್ದಾಗ ನೋಡಿ ಕರ್ಕೊಂಡ್ ಬಂದ್ಳು.’

ಜಡ್ಡನ್ನು ಹಾಳೆಹಾಳೆಯಾಗಿ ತೆಗೆದಾಗ ಅಡಿಯಲ್ಲಿ ಕಾಳಿನಷ್ಟು ಹುಣ್ಣು ಬಾಯಿ ಬಿಟ್ಟಿತ್ತು. ಕಪ್ಪು ಚುಕ್ಕೆ ಒಳಗೆ ಒಸರಿ ಹೆಪ್ಪುಗಟ್ಟಿದ ರಕ್ತ. ಅಜ್ಜಿ ಅದರ ಮೇಲೆಯೇ ಓಡಾಡಿಕೊಂಡಿದ್ದರು, ಅವರ ಮುಖದಲ್ಲಿ ಆಗಲೂ ನೋವಿನ ಗೆರೆ ಇರಲಿಲ್ಲ. ವೈದ್ಯರು ಆಮೇಲೆ ಮಾಡಿದ ಕೆಲಸ ನನಗೆ ಮುಖ್ಯ ಅನ್ನಿಸಿತು. ಹುಣ್ಣನ್ನು ಬಿಟ್ಟು ಹೆಬ್ಬೆರಳಿನ ಬುಡಕ್ಕೆ ಕೈ ಹಾಕಿ ಮೇಲಕ್ಕೆ ಎತ್ತಿ ನೋಡಿದರು. ಬೆರಳು ಹೆಚ್ಚುಕಡಿಮೆ ಅಲುಗಲೇ ಇಲ್ಲ.

ಸ್ಪರ್ಶ ಹೋದ ಪಾದ, ಒಂದೇ ಜಾಗಕ್ಕೆ ಬೀಳುವ ಒತ್ತಡ, ಇವೆರಡರ ಜೋಡಿಯನ್ನು ಜಗತ್ತಿಗೆ ಅರ್ಥ ಮಾಡಿಸಿದ್ದರಲ್ಲಿ ನಮ್ಮ ನೆರೆಯ ವೆಲ್ಲೂರಿಗೆ ದೊಡ್ಡ ಪಾಲಿದೆ. ತಮಿಳುನಾಡಿನ ಕೊಲ್ಲಿ ಬೆಟ್ಟದಲ್ಲಿ 1914ರಲ್ಲಿ ಹುಟ್ಟಿದ ಪಾಲ್ ಬ್ರ್ಯಾಂಡ್ 1946ರಲ್ಲಿ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿಗೆ ಶಸ್ತ್ರವೈದ್ಯರಾಗಿ ಬಂದರು. ಕುಷ್ಠರೋಗಿಗಳ ಕಾಲಿನ ಹುಣ್ಣು ರೋಗದ್ದೇ ಕೊಳೆತ, ಆ ಮಾಂಸ ಕೂಡಿಕೊಳ್ಳುವುದಿಲ್ಲ ಎಂಬ ನಂಬಿಕೆ ಆಗ ಇತ್ತು. ಬ್ರ್ಯಾಂಡ್ ಅದನ್ನು ಒಪ್ಪಲಿಲ್ಲ. ಅರಿವಿಲ್ಲದ ಪಾದದ ಅದೇ ಜಾಗವನ್ನು ರೋಗಿ ದಿನವೂ ಸಾವಿರಾರು ಸಲ ತುಳಿಯುತ್ತಾನೆ, ನಮಗಾದರೆ ಸಣ್ಣ ನೋವು ಹೆಜ್ಜೆ ಬದಲಿಸು ಎನ್ನುತ್ತದೆ, ಅವನಿಗೆ ಹೇಳುವವರಿಲ್ಲ ಎಂದು ಅವರು ತೋರಿಸಿದರು. ಪ್ಲಾಸ್ಟರ್ ಹಾಕಿ ಒತ್ತಡ ತಪ್ಪಿಸಿದರೆ ಹುಣ್ಣು ಕೂಡುತ್ತಿತ್ತು. ವೆಲ್ಲೂರು ಮತ್ತು ಅದರ ಹತ್ತಿರದ ಕರಿಗಿರಿ ಕುಷ್ಠರೋಗ ಕೇಂದ್ರದ ಕೆಲಸದಿಂದ ಬೆಳೆದು ಬಂದ ಮೈಕ್ರೋಸೆಲ್ಯುಲರ್ ರಬ್ಬರಿನ ಚಪ್ಪಲಿಯನ್ನು ಕುಷ್ಠರೋಗ ನಿವಾರಣಾ ಕಾರ್ಯಕ್ರಮದಲ್ಲಿ ಇಂದಿಗೂ ಉಚಿತವಾಗಿ ಹಂಚುತ್ತಾರೆ, ಎಂ.ಸಿ.ಆರ್. ಚಪ್ಪಲಿ ಎಂದು. ಬ್ರ್ಯಾಂಡ್ 1966ರಲ್ಲಿ ಅಮೆರಿಕದ ಲೂಸಿಯಾನದ ಕಾರ್ವಿಲ್ ಕುಷ್ಠರೋಗ ಆಸ್ಪತ್ರೆಗೆ ಹೋದರು. ಅಲ್ಲಿ ಅದೇ ಕಣ್ಣಿನಿಂದ ಮಧುಮೇಹದ ಪಾದವನ್ನೂ ನೋಡಿದರು. ಆ ಕಾರ್ವಿಲ್‌ನ ತಂಡವೇ 1988ರಲ್ಲಿ ನಮ್ಮ ವಿಷಯಕ್ಕೆ ನೇರವಾಗಿ ಬರುವ ಅಳತೆಯೊಂದನ್ನು ಪ್ರಕಟಿಸಿತು. ಹೆಬ್ಬೆರಳಿನಲ್ಲಿ ಹುಣ್ಣಾದವರ ಬುಡದ ಕೀಲು ಹುಣ್ಣಿಲ್ಲದವರದಕ್ಕಿಂತ ಸ್ಪಷ್ಟವಾಗಿ ಕಡಿಮೆ ಬಾಗುತ್ತಿತ್ತು. ಮ್ಯಾಂಚೆಸ್ಟರಿನ ವೈದ್ಯರು 1991ರಲ್ಲಿ ಕೀಲಿನ ಬಿಗಿತಕ್ಕೂ ಪಾದದಡಿಯ ಅತಿ ಒತ್ತಡಕ್ಕೂ ಇರುವ ನಂಟನ್ನು ಮಧುಮೇಹಿಗಳಲ್ಲಿ ತೋರಿಸಿದರು. ಮೂರು ದಶಕಗಳ ಹಿಂದೆಯೇ ಪ್ರಕಟವಾದ ಈ ಸಂಗತಿ ನಮ್ಮ ಸಾಧಾರಣ ಶುಗರ್ ಕ್ಲಿನಿಕ್ಕಿನ ಐದು ನಿಮಿಷದ ಭೇಟಿಯೊಳಗೆ ಇನ್ನೂ ಕಾಲಿಟ್ಟಿಲ್ಲ. ರಿಪೋರ್ಟು ನೋಡುತ್ತಾರೆ, ಮಾತ್ರೆ ಬರೆಯುತ್ತಾರೆ, ಚಪ್ಪಲಿ ಬಿಚ್ಚಿ ಎನ್ನುವವರು ಅಪರೂಪ.

ಚಪ್ಪಲಿಯ ಮಾತು ಬಂತು. ಒತ್ತಡದ ನಕ್ಷೆ ತೆಗೆಯಲು ಈಗ ಸಾವಿರಾರು ಸಂವೇದಕಗಳ ಹಲಗೆಗಳಿವೆ. ಅದರ ಮೇಲೆ ನಡೆದರೆ ಕಂಪ್ಯೂಟರಿನ ಪರದೆಯಲ್ಲಿ ಪಾದ ನೀಲಿ, ಹಸಿರು, ಹಳದಿ, ಕೆಂಪಾಗಿ ಮೂಡುತ್ತದೆ. ಆದರೆ ಎರಡು ವರ್ಷ ತುಳಿದ ಹವಾಯಿ ಚಪ್ಪಲಿ ಪ್ರತಿ ಮನೆಯಲ್ಲೂ ಪುಕ್ಕಟೆ ಸಿಗುವ ಒತ್ತಡದ ನಕ್ಷೆ. ಅಂಥದ್ದೊಂದನ್ನು ಬೆಳಕಿಗೆ ಹಿಡಿದು ನೋಡಿ. ಹಿಮ್ಮಡಿಯ ಗುಂಡಿ, ಮುಂಗಾಲಿನ ಅಗಲ ಗುಂಡಿ, ಹೆಬ್ಬೆರಳಿನ ಸಣ್ಣ ಗುಂಡಿ, ಬೆವರಿಗೆ ಕಪ್ಪಾಗಿ ಮೂಡಿರುತ್ತವೆ. ಸರಿಯಿರುವ ಕಾಲಿನದಾದರೆ ಮುಂಗಾಲಿನ ಗುಂಡಿಯಲ್ಲಿ ಹೆಬ್ಬೆರಳಿನ ಬುಡದ ಗುರುತೂ ಚೆನ್ನಾಗಿ ಇಳಿದಿರುತ್ತದೆ. ಬಿಗಿದ ಕೀಲಿನವರ ಚಪ್ಪಲಿಯಲ್ಲಿ ಬುಡದ ಗುರುತು ತೇಲಿ, ಹೆಬ್ಬೆರಳಿನ ಗುಂಡಿ ಆಳಕ್ಕೆ ಹೋಗಿರಬಹುದು, ಅಥವಾ ಅಟ್ಟೆಯ ಹೊರ ಅಂಚು ಸವೆದಿರಬಹುದು. ಚರ್ಮದ ಶೂ ಹಾಕುವವರಿಗೆ ಇನ್ನೊಂದು ಗುರುತು. ಬೆರಳು ಬಾಗುವ ಜಾಗದಲ್ಲಿ ಶೂ ಮೇಲೆ ಬೀಳುವ ಮಡಿಕೆ ಹೆಚ್ಚುಕಡಿಮೆ ಅಡ್ಡಕ್ಕೆ ನೇರ ಹೋಗುತ್ತದೆ. ಹೆಬ್ಬೆರಳು ಬಾಗದವರಲ್ಲಿ ಅದು ಓರೆಯಾಗುತ್ತದೆ. ಎಡ ಬಲ ಎರಡನ್ನೂ ಪಕ್ಕಪಕ್ಕ ಇಟ್ಟರೆ ವ್ಯತ್ಯಾಸ ಬೇಗ ಕಾಣುತ್ತದೆ. ಇದರಿಂದ ರೋಗ ತೀರ್ಮಾನವಾಗುವುದಿಲ್ಲ, ಪ್ರಶ್ನೆ ಹುಟ್ಟುತ್ತದೆ. ಡಾಕ್ಟರ ಬಳಿ ಹೋಗುವಾಗ ಹೊಸ ಚಪ್ಪಲಿ ಹಾಕಿಕೊಂಡು ಹೋಗುವ ಶಿಷ್ಟಾಚಾರ ನಮ್ಮದು. ಪಾದದ ತೊಂದರೆಗಾದರೆ ಹಳೆಯದನ್ನೇ ಹಾಕಿಕೊಂಡು ಹೋಗುವುದು ವಾಸಿ.

ಬಿಗಿದ ಬೆರಳಿಗೆ ಪರಿಹಾರ ಹುಡುಕಿದವರು ಕೊನೆಗೆ ತಲುಪಿದ್ದು ವಿಚಿತ್ರವೆನಿಸುವ ಒಂದು ತೀರ್ಮಾನಕ್ಕೆ: ಬಾಗದ ಬೆರಳಿಗೆ ಬಾಗದ ಅಟ್ಟೆ. ಮೆತ್ತನೆಯ, ಹಿಟ್ಟಿನಂತೆ ಮಡಚುವ ಶೂ ಒಳ್ಳೆಯದು ಎಂದು ಅಂಗಡಿಯವರು ಹೇಳುತ್ತಾರೆ. ಆದರೆ ಶೂ ಮಡಚಿದರೆ ಬೆರಳೂ ಮಡಚಬೇಕು. ಅಟ್ಟೆ ಗಟ್ಟಿಯಾಗಿದ್ದು, ಮುಂಭಾಗ ತೊಟ್ಟಿಲ ಅಡಿಯಂತೆ ಮೇಲಕ್ಕೆ ಬಾಗಿದ್ದರೆ ಶೂವೇ ಉರುಳುತ್ತದೆ, ಕೀಲಿಗೆ ಕೆಲಸ ಬೀಳುವುದಿಲ್ಲ, ಬೆರಳಿನಡಿಯ ಒತ್ತಡವೂ ಇಳಿಯುತ್ತದೆ. ರಾಕರ್ ಸೋಲ್ ಎಂದು ಕೇಳಿದರೆ ಸಿಗುತ್ತದೆ. ಇರುವ ಶೂ ಒಳಗೇ ಕಾರ್ಬನ್ ಫೈಬರಿನ ತೆಳು ತಗಡು ಇಟ್ಟುಕೊಳ್ಳುವುದೂ ಉಂಟು. ಲಾ ಟ್ರೋಬ್‌ನವರೇ 2021ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಅಂಥ ತಗಡು ಇಟ್ಟುಕೊಂಡವರ ನೋವು ಹುಸಿ ತಗಡು ಇಟ್ಟವರಿಗಿಂತ ಹೆಚ್ಚು ಇಳಿದಿತ್ತು. ನುರಿತವರ ಕೈಯಲ್ಲಿ ಜಡ್ಡು ತೆಗೆಸುವುದೂ ಸಣ್ಣ ಕೆಲಸವಲ್ಲ. ಮಧುಮೇಹಿಗಳಲ್ಲಿ ಜಡ್ಡು ತೆಗೆದ ಜಾಗದ ಒತ್ತಡ ನಾಲ್ಕರಲ್ಲೊಂದು ಪಾಲು ಕಡಿಮೆಯಾದದ್ದನ್ನು ಬ್ರಿಟನ್ನಿನಲ್ಲಿ 1992ರಲ್ಲೇ ಅಳೆದಿದ್ದಾರೆ. ಜಡ್ಡು ಒತ್ತಡದಿಂದ ಹುಟ್ಟಿ ತಾನೇ ಒತ್ತಡವನ್ನು ಹೆಚ್ಚಿಸುತ್ತದೆ, ಚಪ್ಪಲಿಯೊಳಗಿನ ಕಲ್ಲಿನ ಕೆಲಸ ಮಾಡುತ್ತದೆ.

ಇದಾವುದಕ್ಕೂ ಬಗ್ಗದಿದ್ದರೆ ಶಸ್ತ್ರಚಿಕಿತ್ಸೆ. ಅಡ್ಡ ಬರುವ ಮೂಳೆಯನ್ನು ಕೆತ್ತಿ ತೆಗೆಯುವುದು ಒಂದು. ಕೀಲು ಪೂರ್ತಿ ಹಾಳಾದವರಲ್ಲಿ ಎರಡು ಮೂಳೆಗಳನ್ನು ಬೆಸೆದು ಕೀಲನ್ನೇ ಇಲ್ಲವಾಗಿಸುವುದು ಇನ್ನೊಂದು. ಬಾಗುವುದಿಲ್ಲ ಎಂದು ಹೋದವರ ಬೆರಳನ್ನು ಎಂದೆಂದೂ ಬಾಗದಂತೆ ಮಾಡಿ ಕಳಿಸುತ್ತಾರೆ, ಅವರು ನೋವಿಲ್ಲದೆ ನಡೆದು ಬರುತ್ತಾರೆ! ಬೆಸೆಯುವಾಗ ಬೆರಳನ್ನು ತುಸು ಮೇಲಕ್ಕೆ ಎತ್ತಿದ ಕೋನದಲ್ಲಿ ನಿಲ್ಲಿಸುವುದು ಇದರ ಗುಟ್ಟು. ವ್ಯಾಯಾಮದ ಬಗ್ಗೆ ಒಂದು ಎಚ್ಚರಿಕೆ. ಬಿಗಿತ ಆರಂಭದಲ್ಲಿದ್ದು ನೋವಿಲ್ಲದಿದ್ದರೆ ಬೆರಳನ್ನು ಕೈಯಿಂದ ಮೆಲ್ಲಗೆ ಎತ್ತಿ ಇಳಿಸುವುದು, ಮೀನಖಂಡ ಎಳೆದು ಸಡಿಲಿಸುವುದು ಒಳ್ಳೆಯದೇ. ಮೂಳೆ ಅಡ್ಡ ಬರುತ್ತಿರುವ ಕೀಲನ್ನು ಜಗ್ಗಿದರೆ ಊತ ಬರುತ್ತದೆ, ಬಾಗು ಬರುವುದಿಲ್ಲ.

ಸ್ಪರ್ಶ ಕಳೆದುಕೊಂಡ ಪಾದಕ್ಕೆ ಬೇಕಾದದ್ದು ಇನ್ನೂ ಹೆಚ್ಚಿನದು. ಒಮ್ಮೆ ಹುಣ್ಣಾಗಿ ಕೂಡಿದ ಪಾದಕ್ಕೆ ಪಾದರಕ್ಷೆಯೊಳಗಿನ ಒತ್ತಡ 200 ಕಿಲೋಪಾಸ್ಕಲ್, ಅಂದರೆ ಚದರ ಸೆಂಟಿಮೀಟರಿಗೆ ಸುಮಾರು ಎರಡು ಕಿಲೋ ದಾಟದಂತಿರಲಿ ಎಂಬುದು ಅಂತರರಾಷ್ಟ್ರೀಯ ಮಾರ್ಗಸೂಚಿಯ ಸಲಹೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಮೆಕ್ಯಾನಿಕಲ್ ಇಂಜಿನಿಯರಿಂಗ್ ವಿಭಾಗ ಮತ್ತು ಕರ್ನಾಟಕ ಅಂತಃಸ್ರಾವ ಹಾಗೂ ಸಂಶೋಧನಾ ಸಂಸ್ಥೆಯ ಪಾದಚಿಕಿತ್ಸಕರು ಸೇರಿ ಇದಕ್ಕೊಂದು ಚಪ್ಪಲಿ ರೂಪಿಸಿದ್ದು 2022ರಲ್ಲಿ ಸುದ್ದಿಯಾಗಿತ್ತು. ತ್ರೀಡಿ ಮುದ್ರಣದಿಂದ ಮಾಡಿದ ಅಟ್ಟೆಯೊಳಗೆ ಸಾಲುಸಾಲಾಗಿ ಪುಟ್ಟ ಕಮಾನುಗಳಿವೆ. ನಿಗದಿ ಮಾಡಿದ ಮಿತಿಯನ್ನು ಒತ್ತಡ ದಾಟಿದೊಡನೆ ಆ ಜಾಗದ ಕಮಾನು ಟಕ್ಕನೆ ಕೆಳಕ್ಕೆ ಬಾಗಿ ಜಾರಿಕೊಳ್ಳುತ್ತದೆ, ಭಾರ ಅಕ್ಕಪಕ್ಕಕ್ಕೆ ಹಂಚಿಹೋಗುತ್ತದೆ, ಕಾಲು ಎತ್ತಿದಾಗ ಮತ್ತೆ ಮೇಲೆ ಬರುತ್ತದೆ. ಬ್ಯಾಟರಿ ಬೇಡ, ಸಂವೇದಕ ಬೇಡ. ವ್ಯಕ್ತಿಯ ತೂಕ, ಪಾದದ ಅಳತೆ, ನಡಿಗೆಗೆ ತಕ್ಕಂತೆ ಹೊಂದಿಸಬಹುದು. ನೋವು ಮಾಡಬೇಕಿದ್ದ ಕೆಲಸದಲ್ಲಿ ಒಂದಷ್ಟನ್ನು ಅಟ್ಟೆಗೆ ಕಲಿಸಿದ್ದಾರೆ. ಇಂಥದ್ದು ತಾಲ್ಲೂಕು ಆಸ್ಪತ್ರೆಯ ಔಷಧಿ ಕಿಟಕಿಗೆ ಬರಬೇಕು ಎಂಬುದು ನನ್ನ ಆಸೆ.

ಅಲ್ಲಿಯವರೆಗೆ ಕೆಲವು ರೂಢಿಗಳನ್ನು ಬಿಡಲೇಬೇಕು. 2019ರಲ್ಲಿ ಭೌಗೋಳಿಕ ಸೂಚಿ ಪಡೆದ, ನಮ್ಮ ಅಥಣಿ, ನಿಪ್ಪಾಣಿಯವರೂ ಹೊಲಿಯುವ ಕೊಲ್ಹಾಪುರಿ ಚಪ್ಪಲಿ ನೋಡಲು ಚೆಂದ. ಆದರೆ ಹೆಬ್ಬೆರಳಿಗೆ ಉಂಗುರ ತೊಡಿಸುವ ಯಾವ ಚಪ್ಪಲಿಯೂ ಜೋಮು ಹಿಡಿದ ಕಾಲಿಗೆ ತಕ್ಕದ್ದಲ್ಲ. ಹವಾಯಿಯೂ ಅಷ್ಟೇ. ಬೆರಳಿನಿಂದ ಹಿಡಿದುಕೊಂಡೇ ನಡೆಯಬೇಕು, ಉಜ್ಜಿದ್ದು ತಿಳಿಯುವುದಿಲ್ಲ, ಜಾರಿಹೋದದ್ದೂ ತಿಳಿಯುವುದಿಲ್ಲ. ಹಿಂದೆ ಪಟ್ಟಿ ಇರುವ, ಮುಂದೆ ಅಗಲವಿರುವ ಸ್ಯಾಂಡಲ್ ಮೇಲು. ಶ್ರವಣಬೆಳಗೊಳದ ವಿಂಧ್ಯಗಿರಿಯನ್ನು ಚಪ್ಪಲಿ ಬಿಟ್ಟೇ ಹತ್ತಬೇಕು. ಏರುವ ಪ್ರತಿ ಮೆಟ್ಟಿಲಿಗೂ ಹೆಬ್ಬೆರಳು ಬಾಗಬೇಕು, ಮೇಲೆ ಕಾದ ಬಂಡೆ. ಸಕ್ಕರೆ ಕಾಯಿಲೆಯವರು ಬೆಳಗಿನ ತಂಪಿನಲ್ಲಿ, ದಪ್ಪ ಕಾಲುಚೀಲ ಹಾಕಿಕೊಂಡು ಹೋಗಲಿ, ಇಳಿದ ಮೇಲೆ ಅಂಗಾಲು ನೋಡಿಕೊಳ್ಳಲಿ. ಕಾರ್ನ್ ಕ್ಯಾಪಿನಲ್ಲಿರುವುದು ಚರ್ಮ ಕರಗಿಸುವ ಆಸಿಡ್. ಅರಿವಿಲ್ಲದ ಪಾದಕ್ಕೆ ಅದನ್ನು ಅಂಟಿಸುವುದು, ಬ್ಲೇಡು ಹಿಡಿಯುವುದು ಬೇಡವೇ ಬೇಡ.

ಮಧುಮೇಹವಿದ್ದವರು ವರ್ಷಕ್ಕೊಮ್ಮೆಯಾದರೂ ಪಾದ ತೋರಿಸಬೇಕು. ಜೋಮಿನ ಜೊತೆ ಬೆರಳಿನ ಬಿಗಿತವೋ ಜಡ್ಡೋ ಇದ್ದರೆ ಮೂರರಿಂದ ಆರು ತಿಂಗಳಿಗೊಮ್ಮೆ, ಹಿಂದೆ ಹುಣ್ಣಾಗಿದ್ದರೆ ಇನ್ನೂ ಬೇಗ ಬೇಗ. ಮುಂದಿನ ಸಲ ಶುಗರ್ ತೋರಿಸಲು ಹೋದಾಗ ವೈದ್ಯರು ಹೇಳುವ ಮೊದಲೇ ಚಪ್ಪಲಿ ಬಿಚ್ಚಿ ಕಾಲು ಮುಂದಿಡಿ. ಹೆಬ್ಬೆರಳು ಬಾಗುತ್ತದೆಯೇ ಎಂದು ನಿಲ್ಲಿಸಿಯೂ ನೋಡಲು ಹೇಳಿ. ಅದಕ್ಕೆ ಯಂತ್ರ ಬೇಡ, ಖರ್ಚಿಲ್ಲ, ಒಂದು ನಿಮಿಷ ಸಾಕು.